ಕೆಂಪು ದೀಪದಲ್ಲಿ ಬಲಕ್ಕೆ ತಿರುಗೋದು: ಅಮೆರಿಕದಲ್ಲಿ ಹೊಸದಾಗಿ ಕಾರು ಓಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕಕ್ಕೆ ಹೊಸದಾಗಿ ಬಂದವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೊರಟರೆ ಮೊದಲ ಸಿಗ್ನಲ್‌ನಲ್ಲೇ ಪ್ರಶ್ನೆ ಶುರು. ಕೆಂಪು ದೀಪ ಉರಿಯುತ್ತಿರುತ್ತದೆ, ನಾನು ನಿಲ್ಲಿಸಿ, ನೋಡಿ, ಬಲಕ್ಕೆ ತಿರುಗಿಬಿಡುತ್ತೇನೆ. ಪಕ್ಕದವರ ಕೈ ಸೀದಾ ಬಾಗಿಲ ಹಿಡಿಗೆ ಹೋಗುತ್ತದೆ. ವರ್ಷಗಟ್ಟಲೆ ಅದೇ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿದೆ. ಅವನ್ನೇ ಇಲ್ಲಿ ಬರೆದಿಟ್ಟಿದ್ದೇನೆ, ಕೇಳಿದವರ ಮಾತಿನಲ್ಲೇ. ಅಮೆರಿಕದಲ್ಲಿ ರಸ್ತೆ ನಿಯಮ ಆಯಾ ರಾಜ್ಯದ್ದು. ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸ ಇರುವ ಕಡೆ ಹಾಗೆಂದು ಹೇಳಿದ್ದೇನೆ. ನಿಮ್ಮ ರಾಜ್ಯದ ಡ್ರೈವರ್ ಹ್ಯಾಂಡ್‌ಬುಕ್‌ನಲ್ಲಿ ಆ ಪುಟವನ್ನು ಒಮ್ಮೆ ನೋಡಿಕೊಳ್ಳಿ.

## ಮೊದಲ ವಾರದ ಪ್ರಶ್ನೆಗಳು

"ಕೆಂಪು ಇದ್ದಾಗಲೇ ಹೋಗಿಬಿಟ್ಯಲ್ಲೋ, ಪೊಲೀಸ್ ಹಿಡಿಯಲ್ವಾ?"

ಹಿಡಿಯಲ್ಲ, ಸರಿಯಾಗಿ ಮಾಡಿದ್ದರೆ. ಅಮೆರಿಕದ 50 ರಾಜ್ಯಗಳಲ್ಲೂ ಕೆಂಪು ದೀಪ ಇದ್ದಾಗ ಬಲಕ್ಕೆ ತಿರುಗಬಹುದು. ಷರತ್ತು ಮೂರು. ಮೊದಲು ಪೂರ್ತಿ ನಿಲ್ಲಿಸಬೇಕು. ಕಾಲ್ನಡಿಗೆಯವರಿಗೆ, ಹಸಿರು ಇರುವ ಕಡೆಯಿಂದ ಬರುವ ವಾಹನಗಳಿಗೆ ದಾರಿ ಬಿಡಬೇಕು. ಬೇಡ ಅನ್ನುವ ಬೋರ್ಡ್ ಇರಬಾರದು.

ಇಲ್ಲಿ ವಾಹನಗಳು ರಸ್ತೆಯ ಬಲಗಡೆ ಹೋಗುತ್ತವೆ. ಹಾಗಾಗಿ ಬಲಕ್ಕೆ ತಿರುಗುವವನು ಯಾವ ಲೇನನ್ನೂ ಅಡ್ಡ ದಾಟಬೇಕಾಗಿಲ್ಲ, ಪಕ್ಕದ ರಸ್ತೆಗೆ ಸೇರಿಕೊಂಡರಾಯಿತು. ಅದಕ್ಕೇ ಈ ರಿಯಾಯಿತಿ. ನೆನಪಿಡಬೇಕಾದ್ದು ಒಂದೇ: ದೀಪ ನಿಮಗೆ ಕೆಂಪೇ. ಅಲ್ಲಿರುವ ಎಲ್ಲರಿಗಿಂತ ಕೊನೆಯ ಸರದಿ ನಿಮ್ಮದು.

"ನಮ್ಮ ಫ್ರೀ ಲೆಫ್ಟ್ ಥರಾನೇ ಅಲ್ವಾ ಇದು?"

ಕನ್ನಡಿಯಲ್ಲಿ ನೋಡಿದ ಹಾಗೆ ಇದೆ, ಆದರೆ ಅದೇ ಅಲ್ಲ. ಫ್ರೀ ಲೆಫ್ಟ್ ಅಂದ ಕೂಡಲೇ ನಮ್ಮ ತಲೆಗೆ ಬರೋದು ನಿಲ್ಲದೆ ನುಗ್ಗೋದು. ಇಲ್ಲಿ 'ಫ್ರೀ' ಅನ್ನೋದೇ ಇಲ್ಲ, ನಿಲ್ಲಲೇಬೇಕು. ಹಾಗೆ ನೋಡಿದರೆ ಭಾರತದಲ್ಲೂ ಕೆಂಪು ಇದ್ದಾಗ ಎಡಕ್ಕೆ ಹೋಗೋದು ಎಲ್ಲ ಸಿಗ್ನಲ್‌ನಲ್ಲೂ ಇರುವ ಹಕ್ಕಲ್ಲ. ಬೋರ್ಡೋ ಹಸಿರು ಬಾಣವೋ ಪ್ರತ್ಯೇಕ ದಾರಿಯೋ ಇದ್ದ ಕಡೆ ಮಾತ್ರ. ಅದು ಅಭ್ಯಾಸದಲ್ಲಿ ಮರೆತುಹೋಗಿದೆ ಅಷ್ಟೇ.

ಇನ್ನೊಂದು ತೊಂದರೆ ಕತ್ತಿನದು. ವರ್ಷಗಟ್ಟಲೆ ಎಡಕ್ಕೆ ತಿರುಗುವಾಗ ಬಲಕ್ಕೆ ನೋಡಿ ನೋಡಿ ಕತ್ತಿಗೆ ರೂಢಿಯಾಗಿರುತ್ತದೆ. ಇಲ್ಲಿ ವಾಹನ ಬರೋದು ಎಡದಿಂದ. ಮೊದಲ ತಿಂಗಳು ಕತ್ತು ತಾನಾಗೇ ತಪ್ಪು ಕಡೆ ತಿರುಗುತ್ತದೆ. "ಎಡ" ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ನಗಬೇಡಿ, ನಾನೂ ಹೇಳಿಕೊಂಡವನೇ.

"ಪೂರ್ತಿ ನಿಲ್ಲಿಸೋದು ಅಂದ್ರೆ ಎಷ್ಟು ಸೆಕೆಂಡ್?"

ಇಷ್ಟು ಸೆಕೆಂಡ್ ಅಂತ ಲೆಕ್ಕ ಇಲ್ಲ. ಚಕ್ರ ನಿಲ್ಲಬೇಕು. ನಿಂತಿದೆಯೋ ಇಲ್ಲವೋ ಅನ್ನೋದು ಮೈಗೇ ಗೊತ್ತಾಗುತ್ತದೆ. ಬ್ರೇಕ್ ಒತ್ತಿದಾಗ ಕಾರಿನ ಮೂತಿ ಸ್ವಲ್ಪ ಕೆಳಗೆ ಬಾಗುತ್ತೆ, ನಿಂತ ಕ್ಷಣ ಹಿಂದಕ್ಕೆ ಒರಗಿ ಸಮ ಆಗುತ್ತೆ. ಆ ಸಣ್ಣ ಹಿಂದಿನ ಜೋಲಿ ಬರಲಿಲ್ಲ ಅಂದರೆ ನೀವು ನಿಂತಿಲ್ಲ, ಉರುಳುತ್ತಾ ಇದ್ದೀರಿ. ಇಲ್ಲಿಯವರು ಅದನ್ನು ರೋಲಿಂಗ್ ಸ್ಟಾಪ್ ಅಂತಾರೆ. ಕ್ಯಾಲಿಫೋರ್ನಿಯಾ ಸ್ಟಾಪ್ ಅಂತಾನೂ ತಮಾಷೆಗೆ ಕರೀತಾರೆ. ಡ್ರೈವಿಂಗ್ ಟೆಸ್ಟ್‌ನಲ್ಲಿ ನಮ್ಮವರು ಫೇಲ್ ಆಗೋದು ಜಾಸ್ತಿ ಇಲ್ಲೇ. ನಿಲ್ಲಿಸಿ, ಮನಸ್ಸಿನಲ್ಲೇ ಮೂರು ಎಣಿಸಿ. ಆ ಮೂರು ಎಣಿಸುವಷ್ಟರಲ್ಲಿ ಎರಡೂ ಕಡೆ ನೋಡಿ ಮುಗಿದಿರುತ್ತದೆ.

"ಗೆರೆ ಹತ್ರ ನಿಂತ್ರೆ ಏನೂ ಕಾಣಲ್ಲ, ಸ್ವಲ್ಪ ಮುಂದೆ ನಿಂತ್ರೆ ತಪ್ಪಾ?"

ಮೊದಲು ಅಲ್ಲಿ ನಿಂತರೆ ತಪ್ಪು. ನಿಲ್ಲುವ ಜಾಗಕ್ಕೆ ಒಂದು ಕ್ರಮ ಇದೆ. ದಪ್ಪ ಬಿಳಿ ಗೆರೆ ಇದ್ದರೆ ಅದರ ಹಿಂದೆ. ಗೆರೆ ಇಲ್ಲದಿದ್ದರೆ ಕ್ರಾಸ್‌ವಾಕ್ ಹಿಂದೆ. ಎರಡೂ ಇಲ್ಲದಿದ್ದರೆ ಅಡ್ಡರಸ್ತೆಗೆ ಇಳಿಯುವ ಮೊದಲು.

ಅಲ್ಲಿ ಪೂರ್ತಿ ನಿಂತ ಮೇಲೆ, ಕ್ರಾಸ್‌ವಾಕ್‌ನಲ್ಲಿ ಯಾರೂ ಇಲ್ಲ, ಬರುತ್ತಲೂ ಇಲ್ಲ ಅಂತ ಖಾತ್ರಿಯಾದರೆ ಆಮೆ ನಡಿಗೆಯಲ್ಲಿ ಮುಂದೆ ಬನ್ನಿ. ಎಡದ ರಸ್ತೆ ಕಾಣುವ ಜಾಗದಲ್ಲಿ ಬೇಕಾದರೆ ಇನ್ನೊಮ್ಮೆ ನಿಲ್ಲಿ. ಅಂದರೆ ಒಂದು ತಿರುವಿಗೆ ಎರಡು ನಿಲುಗಡೆ. ಮೊದಲನೆಯದು ಕಾನೂನಿಗೆ, ಎರಡನೆಯದು ಕಣ್ಣಿಗೆ. ಮೊದಲನೆಯದನ್ನು ಬಿಟ್ಟು ಸೀದಾ ಎರಡನೆಯದಕ್ಕೆ ಹೋಗೋದೇ ಎಲ್ಲರ ಚಾಳಿ. ಆಗ ನಿಮ್ಮ ಕಾರು ಝೀಬ್ರಾ ಪಟ್ಟೆಯ ಮೇಲೆ ಕೂತಿರುತ್ತೆ. ಗಾಲಿಕುರ್ಚಿಯವರೋ ಮಗುವಿನ ಗಾಡಿ ತಳ್ಳುವವರೋ ನಿಮ್ಮನ್ನು ಸುತ್ತಿಕೊಂಡು ವಾಹನಗಳ ನಡುವೆ ಇಳಿಯಬೇಕಾಗುತ್ತೆ.

"ಯಾವಾಗ ತಿರುಗಲೇಬಾರದು?"

'ನೋ ಟರ್ನ್ ಆನ್ ರೆಡ್' ಬೋರ್ಡ್ ಇದ್ದಾಗ. ಅದು ಸಾಮಾನ್ಯವಾಗಿ ಸಿಗ್ನಲ್ ದೀಪದ ಪಕ್ಕ ತೂಗುತ್ತಿರುತ್ತೆ, ಇಲ್ಲವೇ ಮೂಲೆಯ ಕಂಬದ ಮೇಲೆ. ಎರಡೂ ಕಡೆ ಹುಡುಕಿ. ಕೆಲವು ಬೋರ್ಡ್‌ಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಸಮಯ ಇರುತ್ತೆ. ಶಾಲೆ ನಡೆಯುವ ಹೊತ್ತು ಮಾತ್ರ, ಹಗಲು ಮಾತ್ರ, ಹೀಗೆ. ಕೆಲವು ಕಡೆ 'ಕಾಲ್ನಡಿಗೆಯವರು ಇದ್ದಾಗ ಬೇಡ' ಅನ್ನೋ ಅರ್ಥದ ಬೋರ್ಡ್ ಕೂಡ ಇದೆ. ಈಗೀಗ ಬೇಕಾದಾಗ ಮಾತ್ರ ಬೆಳಗುವ ಎಲೆಕ್ಟ್ರಾನಿಕ್ ಬೋರ್ಡೂ ಬಂದಿದೆ.

ನ್ಯೂಯಾರ್ಕ್ ನಗರದ ಕಥೆ ಪೂರ್ತಿ ಉಲ್ಟಾ. ಅಲ್ಲಿ ಬೋರ್ಡ್ ಇರಲಿ ಬಿಡಲಿ, ಕೆಂಪಿನಲ್ಲಿ ತಿರುಗುವಂತಿಲ್ಲ. ತಿರುಗಬಹುದು ಅನ್ನುವ ಬೋರ್ಡ್ ಇದ್ದರೆ ಮಾತ್ರ ತಿರುಗಬಹುದು. ಸ್ಟೇಟನ್ ಐಲ್ಯಾಂಡ್‌ನಲ್ಲಿ ಅಂಥ ಬೋರ್ಡ್‌ಗಳು ಸಿಗುತ್ತವೆ. ಪಕ್ಕದ ನ್ಯೂಜೆರ್ಸಿಯಿಂದ ಸುರಂಗ ದಾಟಿ ಬಂದವರು ಇದನ್ನು ಮರೆತು ಸಿಕ್ಕಿಬೀಳುತ್ತಾರೆ.

"ದುಂಡು ದೀಪ ಅಲ್ಲ, ಕೆಂಪು ಬಾಣ ಇದೆ. ಆಗ?"

ಇದು ರಾಜ್ಯದ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ಕೆಂಪು ಬಾಣ ಅಂದರೆ ಮಾತೇ ಇಲ್ಲ, ಹಸಿರು ಬರುವ ತನಕ ಕಾಯಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಕೆಂಪು ಬಾಣ ಇದ್ದರೂ ಪೂರ್ತಿ ನಿಲ್ಲಿಸಿ ಬಲಕ್ಕೆ ತಿರುಗಬಹುದು, ಬೋರ್ಡ್ ಬೇಡ ಅನ್ನದಿದ್ದರೆ. ಸಿಯಾಟಲ್‌ನಲ್ಲಿ ಕಲಿತವರು ಸ್ಯಾನ್ ಹೊಸೆಗೆ ಬಂದು ದಂಡ ಕಟ್ಟೋದು ಹೀಗೆ. ನಿಯಮ ಗೊತ್ತಿಲ್ಲದ ರಾಜ್ಯದಲ್ಲಿ ಬಾಣ ಕಂಡರೆ ಸುಮ್ನೆ ನಿಂತುಬಿಡಿ. ನಿಂತಿದ್ದಕ್ಕೆ ಯಾರೂ ದಂಡ ಹಾಕಲ್ಲ.

## ಕಣ್ಣು ಎಲ್ಲಿರಬೇಕು

"ಎಡಕ್ಕೆ ನೋಡಿದ್ರೆ ಸಾಕಲ್ವಾ? ವಾಹನ ಬರೋದು ಅಲ್ಲಿಂದ ತಾನೇ?"

ಸಾಲದು. ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ನಾನು ಇಲ್ಲಿ ಓಡಿಸಲು ಶುರು ಮಾಡಿದ ಎರಡನೇ ವರ್ಷ. ಡಿಸೆಂಬರ್ ಸಂಜೆ, ಐದು ಗಂಟೆಗೇ ಕತ್ತಲು. ಗೆರೆ ಹತ್ತಿರ ನಿಲ್ಲಿಸಿದೆ, ಅದರಲ್ಲಿ ತಪ್ಪಿರಲಿಲ್ಲ. ಎಡದಿಂದ ಒಂದರ ಹಿಂದೊಂದು ಕಾರು. ಸಂದು ಸಿಗಲಿ ಅಂತ ಎಡಕ್ಕೇ ಕಣ್ಣು ನೆಟ್ಟು ಕೂತಿದ್ದೆ. ಒಂದು ವ್ಯಾನ್ ದಾಟಿತು, ಹಿಂದೆ ಖಾಲಿ. ಕಾಲು ಬ್ರೇಕ್‌ನಿಂದ ಎದ್ದಿತು. ಕಾರು ಎರಡಡಿ ಜರುಗಿರಬೇಕು, ಬಾನೆಟ್ ಮೇಲೆ ಟಪ್ ಅಂತ ಶಬ್ದ. ಅಂಗೈ. ಬಲದ ಫುಟ್‌ಪಾತ್‌ನಿಂದ ಇಳಿದು ಬಂದಿದ್ದ ಹೆಂಗಸೊಬ್ಬರು ನನ್ನ ಕಾರಿನ ಮುಂದೆ ನಿಂತಿದ್ದರು, ತೋಳಿನಲ್ಲಿ ಬಟ್ಟೆಯ ಚೀಲ. ಬೈಯಲಿಲ್ಲ. ತನ್ನ ಎದುರಿಗಿದ್ದ ನಡೆಯುವ ಮನುಷ್ಯನ ಬಿಳಿ ದೀಪವನ್ನು ಒಮ್ಮೆ ಬೆರಳಿಂದ ತೋರಿಸಿ ಹೋದರು. ಆಮೇಲೆ ದೀಪ ಹಸಿರಾದರೂ ನನ್ನ ಕಾಲು ಏಳಲಿಲ್ಲ.

ಇದರ ಮರ್ಮ ಇಷ್ಟು. ನಿಮಗೆ ಸಂದು ಸಿಗೋದು ಎಡದಲ್ಲಿ, ಹಾಗಾಗಿ ಕಣ್ಣು ಅಲ್ಲೇ ಅಂಟಿಕೊಳ್ಳುತ್ತೆ. ಮನುಷ್ಯರು ಬರೋದು ಎರಡೂ ಕಡೆಯಿಂದ. ಬಲದ ಫುಟ್‌ಪಾತ್‌ನಿಂದ ಇಳಿಯುವವರು ನಿಮ್ಮ ಬಂಪರ್‌ಗೆ ಮೂರೇ ಹೆಜ್ಜೆ ದೂರ. ಎಡ, ಮುಂದೆ, ಬಲ, ಮತ್ತೆ ಎಡ, ಕೊನೆಗೆ ಕಾಲು ಎತ್ತುವ ಮುಂಚೆ ಇನ್ನೊಮ್ಮೆ ಬಲ. ಆ ಕೊನೆಯ ನೋಟ ಕಾರು ಹೋಗುತ್ತಿರುವ ದಿಕ್ಕಿಗೇ ಇರುತ್ತೆ ಅನ್ನೋದೂ ಅನುಕೂಲ.

"ಅವರಿಗೆ ನಡೆಯೋ ಸಿಗ್ನಲ್ ಇಲ್ಲ, ಆದ್ರೂ ದಾಟ್ತಾ ಇದ್ದಾರೆ. ನಾನ್ಯಾಕೆ ನಿಲ್ಲಲಿ?"

ನಿಮಗೂ ಹಸಿರು ಇಲ್ಲವಲ್ಲ! ತಪ್ಪು ಯಾರದ್ದು ಅನ್ನೋದು ಆಮೇಲಿನ ಲೆಕ್ಕ. ಎದುರಿಗೆ ಮನುಷ್ಯ ಕಂಡ ಮೇಲೆ ಗುದ್ದದ ಹಾಗೆ ನೋಡಿಕೊಳ್ಳುವ ಹೊಣೆ ಕಾರಿನವನ ಮೇಲೆ ಇದ್ದೇ ಇದೆ. ಬಿಳಿ ಕೋಲು ಹಿಡಿದವರು, ದಾರಿ ತೋರುವ ನಾಯಿ ಜೊತೆಗಿರುವವರು ಬಂದರೆ ದೂರದಲ್ಲೇ ನಿಂತು ಪೂರ್ತಿ ದಾಟಲು ಬಿಡಿ. ಅವರಿಗೆ ನಿಮ್ಮ ಕೈಸನ್ನೆ ಕಾಣಲ್ಲ. ಎಲೆಕ್ಟ್ರಿಕ್ ಕಾರಾದರೆ ಅದು ನಿಂತಿದೆಯೋ ಇಲ್ಲವೋ ಅನ್ನೋದು ಕಿವಿಗೂ ಸರಿಯಾಗಿ ಗೊತ್ತಾಗಲ್ಲ.

"ನನಗೂ ಫುಟ್‌ಪಾತಿಗೂ ನಡುವೆ ಸೈಕಲ್ ಲೇನ್ ಇದೆ. ಅದರ ಮೇಲೆ ಹೋಗಬಹುದಾ?"

ಇಲ್ಲೂ ಎರಡು ರಾಜ್ಯ, ಎರಡು ಮಾತು. ಕ್ಯಾಲಿಫೋರ್ನಿಯಾದಲ್ಲಿ ತಿರುವಿಗೆ 200 ಅಡಿ ಒಳಗೆ ಬಂದ ಮೇಲೆ ಸೈಕಲ್ ಲೇನ್‌ಗೆ ಸೇರಿಕೊಂಡು, ಅಲ್ಲಿಂದ ತಿರುಗಬೇಕು. ನಿಮ್ಮ ಬಲಕ್ಕೆ ಸೈಕಲ್ ನುಗ್ಗುವ ಜಾಗವೇ ಉಳಿಯದಿರಲಿ ಅಂತ. ಆರೆಗಾನ್‌ನಲ್ಲಿ ಆ ಲೇನ್‌ನಲ್ಲಿ ಕಾರು ಓಡಿಸುವಂತಿಲ್ಲ. ಸೈಕಲ್‌ಗೆ ದಾರಿ ಬಿಟ್ಟು ಅಡ್ಡ ದಾಟಿ ತಿರುಗಬೇಕು. ಎಲ್ಲೇ ಇರಲಿ, ಬಲದ ಕನ್ನಡಿ ನೋಡಿ, ಭುಜದ ಮೇಲಿಂದಲೂ ಒಮ್ಮೆ ತಿರುಗಿ ನೋಡಿ. ನಿಂತಿದ್ದ ಅರ್ಧ ನಿಮಿಷದಲ್ಲಿ ಸೈಕಲ್ ಬಂದು ಪಕ್ಕದಲ್ಲಿ ನಿಂತಿರಬಹುದು.

ಸಿಗ್ನಲ್ ಮುಂದೆ ಹಸಿರು ಬಣ್ಣ ಬಳಿದು ಸೈಕಲ್ ಚಿತ್ರ ಬರೆದ ಚೌಕ ಕಂಡರೆ ಅದು ಸೈಕಲ್‌ನವರು ನಿಲ್ಲುವ ಜಾಗ. ಅದರ ಹಿಂದಿನ ಗೆರೆಯಲ್ಲಿ ನಿಲ್ಲಿ. ಅಂಥ ಕಡೆ ಸಾಮಾನ್ಯವಾಗಿ 'ನೋ ಟರ್ನ್ ಆನ್ ರೆಡ್' ಕೂಡ ಇರುತ್ತೆ.

"ಎಡಗಡೆ ಲೇನ್‌ನಲ್ಲಿ ದೊಡ್ಡ ಟ್ರಕ್ ನಿಂತು ಪೂರ್ತಿ ಅಡ್ಡ ಆಗಿದೆ. ಏನು ಮಾಡ್ಲಿ?"

ಕಾಯಿರಿ. ನೀವು ಒಂದಡಿ ಮುಂದೆ ಬಂದರೆ ಪಕ್ಕದವನೂ ಏನಾಯ್ತೋ ಅಂತ ಒಂದಡಿ ಮುಂದೆ ಬರುತ್ತಾನೆ. ಆಮೇಲೆ ನೀವು ಇನ್ನೊಂದಡಿ. ಈ ಜೂಟಾಟದಲ್ಲಿ ಇಬ್ಬರೂ ಝೀಬ್ರಾ ದಾಟಿ ಹೋಗಿರುತ್ತೀರಿ, ರಸ್ತೆ ಮಾತ್ರ ಇನ್ನೂ ಕಾಣಲ್ಲ. ಟ್ರಕ್‌ನ ಮೂತಿಯ ಆಚೆ ಏನಿದೆ ಅಂತ ಊಹೆ ಮಾಡಿ ಹೋಗೋದು ಜೂಜು. ಮುಂದಿನ ಹಸಿರು ಬರಲು ಜಾಸ್ತಿ ಅಂದರೆ ಒಂದೆರಡು ನಿಮಿಷ.

ನೀವೇ ಎಡದ ಲೇನ್‌ನಲ್ಲಿ ನೇರ ಹೋಗಲು ನಿಂತಿದ್ದರೆ? ಗೆರೆಯ ಹಿಂದೆ ನೀಟಾಗಿ ನಿಲ್ಲಿ. ಬಲದವನಿಗೆ ನಿಮ್ಮ ಕಾರಿನ ಮುಂದಿನಿಂದ ರಸ್ತೆ ಕಾಣುತ್ತೆ. ಯಾರೂ ಥ್ಯಾಂಕ್ಸ್ ಹೇಳಲ್ಲ, ಆದರೆ ನನ್ನ ಲೆಕ್ಕದಲ್ಲಿ ಸಿಗ್ನಲ್‌ನಲ್ಲಿ ಮಾಡಬಹುದಾದ ದೊಡ್ಡ ಉಪಕಾರ ಇದೇ.

## ಹಾರ್ನ್ ಮತ್ತು ಸಂಕೋಚ

"ಹಿಂದಿನವನು ಹಾರ್ನ್ ಮೇಲೆ ಹಾರ್ನ್ ಹೊಡೀತಾನೆ. ಹೋಗಲೇಬೇಕಾ?"

ಇಲ್ಲ. ತಿರುಗಬಹುದು ಅಂತ ಕಾನೂನು ಹೇಳುತ್ತದೆಯೇ ಹೊರತು ತಿರುಗಲೇಬೇಕು ಅಂತ ಅಲ್ಲ. ನಿಮಗೆ ಸಾಲದು ಅನಿಸಿದ ಸಂದು ಸಾಲದ ಸಂದೇ. ಹೊಸಬರಿಗೆ ಇಲ್ಲಿ ಇನ್ನೊಂದು ಕಷ್ಟ. ನಾವು ಹಾರ್ನ್ ಶಬ್ದದ ನಡುವೆಯೇ ಓಡಿಸಲು ಕಲಿತವರು, ಅಲ್ಲಿ ಅದಕ್ಕೆ 'ನಾನಿದ್ದೀನಿ' ಅನ್ನೋದಕ್ಕಿಂತ ಹೆಚ್ಚಿನ ಅರ್ಥ ಇಲ್ಲ. ಇಲ್ಲಿ ಹಾರ್ನ್ ಅಪರೂಪ, ಬಿದ್ದರೆ ಬೈಗುಳದ ಹಾಗೆ ಕೇಳಿಸುತ್ತೆ. ಮುಖ ಕೆಂಪಾಗಿ ಕಾಲು ತಾನಾಗೇ ಎದ್ದುಬಿಡುತ್ತೆ. ನನ್ನ ಗೆಳೆಯರೊಬ್ಬರು ಹೀಗೆ ಹಾರ್ನ್‌ಗೆ ಹೆದರಿ ಹೊರಟವರು, ಮೇಲೆ ತೂಗುತ್ತಿದ್ದ 'ನೋ ಟರ್ನ್ ಆನ್ ರೆಡ್' ಬೋರ್ಡನ್ನು ಕಂಡಿದ್ದು ಪೊಲೀಸರು ತೋರಿಸಿದ ಮೇಲೆ. ಹಾರ್ನ್ ಹೊಡೆದವನು ದಂಡದಲ್ಲಿ ಪಾಲು ಕೊಡಲಿಲ್ಲ.

"ನಾನು ಹಿಂದೆ ಇದ್ದೀನಿ, ಮುಂದಿನವರು ಹೋಗ್ತಾನೇ ಇಲ್ಲ. ಒಂದು ಸಲ ಹಾರ್ನ್ ಮಾಡಬಹುದಾ?"

ದೀಪ ಕೆಂಪಿರುವಾಗ ಬೇಡ. ನಿಮಗೆ ಕಾಣದ ಏನೋ ಅವರಿಗೆ ಕಾಣುತ್ತಿರಬಹುದು. ಗಿಡ್ಡ ಮಗು, ಸೈಕಲ್, ಬೋರ್ಡ್. ಕೆಲವು ಸ್ಕೂಲ್ ಬಸ್‌ಗಳ ಹಿಂದೆ 'ಈ ಬಸ್ಸು ಕೆಂಪಿನಲ್ಲಿ ಬಲಕ್ಕೆ ತಿರುಗಲ್ಲ' ಅಂತ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದೇ ಇರುತ್ತೆ. ಹಸಿರು ಬಂದು ಎರಡು ಮೂರು ಸೆಕೆಂಡ್ ಆದಮೇಲೂ ಅಲ್ಲಾಡದಿದ್ದರೆ ಒಂದು ಸಣ್ಣ ಹಾರ್ನ್, ಸಾಕು.

"ನಾನು ನೇರ ಹೋಗ್ಬೇಕು. ಬಲದ ಲೇನ್‌ನಲ್ಲಿ ನಿಂತು ಹಿಂದಿನವರನ್ನ ತಡೆದ ಹಾಗಾಯ್ತಲ್ಲ?"

ಆ ಲೇನ್‌ನ ಬಾಣ ನೇರಕ್ಕೂ ಬಲಕ್ಕೂ ಇದ್ದರೆ ನಿಮ್ಮ ತಪ್ಪೇನೂ ಇಲ್ಲ. ಎರಡು ಲೇನ್ ಖಾಲಿ ಇದ್ದು, ಮುಂದೆ ಕೆಂಪು ಇದೆ ಅಂತ ಮೊದಲೇ ಕಂಡರೆ ನಾನು ಎಡದ ಲೇನ್‌ಗೆ ಹೋಗಿ ನಿಲ್ಲುತ್ತೇನೆ, ಬಲ ಖಾಲಿ ಬಿಡುತ್ತೇನೆ. ಅದು ಸೌಜನ್ಯ, ನಿಯಮ ಅಲ್ಲ. ನಿಂತಾದ ಮೇಲೆ ಮಾತ್ರ ಜರುಗಬೇಡಿ. ಹಿಂದಿನವನಿಗೆ ಜಾಗ ಮಾಡಲು ಝೀಬ್ರಾ ಮೇಲೆ ಹೋಗಿ ನಿಲ್ಲೋದು ಒಬ್ಬನಿಗೆ ಉಪಕಾರ, ಹತ್ತು ಜನಕ್ಕೆ ಅಪಾಯ.

"ಮುಂದಿನ ಕಾರು ನಿಂತು, ಆಮೇಲೆ ಹೋಯ್ತು. ನಾನು ಅದರ ಬೆನ್ನಿಗೇ ಹೋಗಬಹುದಾ?"

ಇಲ್ಲ, ಪ್ರತಿ ಕಾರೂ ಗೆರೆ ಹತ್ತಿರ ತಾನೇ ನಿಲ್ಲಬೇಕು. ಅವರ ಹಿಂದೆ ನಿಂತಿದ್ದು ಲೆಕ್ಕಕ್ಕಿಲ್ಲ.

ಇಲ್ಲೇ ಆಗುವ ಇನ್ನೊಂದು ಡಿಕ್ಕಿ ಹೇಳುತ್ತೇನೆ. ಮುಂದಿನವನು ಹೊರಡುತ್ತಾನೆ. ನೀವು 'ಹೋದ' ಅಂದುಕೊಂಡು ಎಡಕ್ಕೆ ನೋಡುತ್ತಾ ಕಾಲು ಎತ್ತುತ್ತೀರಿ. ಅವನು ಮನಸ್ಸು ಬದಲಿಸಿ ಮತ್ತೆ ನಿಂತಿರುತ್ತಾನೆ. ಢಂ. ವೇಗ ನಡಿಗೆಯಷ್ಟೇ, ಆದರೂ ಬಂಪರ್ ಹೋಗುತ್ತೆ, ಹಿಂದಿನಿಂದ ಗುದ್ದಿದ ತಪ್ಪು ಬಹುತೇಕ ನಿಮ್ಮ ತಲೆಗೇ ಬರುತ್ತೆ. ಮುಂದಿನ ಕಾರು ಅಡ್ಡರಸ್ತೆ ಸೇರಿದ್ದು ಕಣ್ಣಾರೆ ಕಾಣುವ ತನಕ ಎಡಕ್ಕೆ ನೋಡಲು ಶುರು ಮಾಡಬೇಡಿ.

## ಸ್ವಲ್ಪ ತಲೆ ಕೆರೆಸುವಂಥವು

"ಅಡ್ಡರಸ್ತೆಯಲ್ಲಿ ಯೂ ಟರ್ನ್ ಮಾಡೋನು, ಬಲಕ್ಕೆ ತಿರುಗೋ ನಾನು. ಯಾರು ಮೊದಲು?"

ನಿಮ್ಮ ದೀಪ ಕೆಂಪಾದರೆ ಅವನು. ಅಡ್ಡರಸ್ತೆಯಲ್ಲಿ ನಿಮ್ಮ ಬಲದಿಂದ ಬರುತ್ತಿರುವವನು ಎಡ ತಿರುವಿನ ಹಸಿರು ಬಾಣದಲ್ಲಿ ಯೂ ಟರ್ನ್ ಹೊಡೆದರೆ, ಬಂದು ಸೇರೋದು ನೀವು ಸೇರಲಿರುವ ಲೇನ್‌ಗೇ. ಆ ಹೊತ್ತಿಗೆ ನೇರ ಬರುವ ವಾಹನಗಳೆಲ್ಲ ನಿಂತಿರುತ್ತವೆ. ರಸ್ತೆ ಖಾಲಿ ಅನಿಸುತ್ತೆ, ಅವನೊಬ್ಬ ಕಣ್ಣಿಗೆ ಬೀಳಲ್ಲ. ನೀವು ತಿರುಗುವ ರಸ್ತೆಯ ಎಡ ತಿರುವಿನ ಲೇನ್‌ನಲ್ಲಿ ಕಾರುಗಳು ಹೊರಟಿವೆಯಾ ಅಂತ ನೋಡಿಕೊಳ್ಳಿ. ಕೆಲವು ಕಡೆ ಯೂ ಟರ್ನ್‌ನವರೇ ಬಲ ತಿರುವಿನವರಿಗೆ ಬಿಡಬೇಕು ಅಂತ ಬೋರ್ಡ್ ಇರುತ್ತೆ. ಅದನ್ನು ಹಾಕೋದು ನಿಮಗೂ ಅದೇ ಹೊತ್ತಿಗೆ ಹಸಿರು ಬಾಣ ಬರುವ ಜಾಗದಲ್ಲಿ.

"ಬಲಕ್ಕೆ ತಿರುಗೋಕೆ ಎರಡು ಲೇನ್ ಇದೆ. ಎಡದ್ದರಿಂದ ಕೆಂಪಿನಲ್ಲಿ ತಿರುಗಬಹುದಾ?"

ಬೋರ್ಡ್ ಓದಿ. 'ಬಲದ ಲೇನ್ ಬಿಟ್ಟು ಬೇರೆ ಕಡೆಯಿಂದ ಬೇಡ' ಅಥವಾ 'ಈ ಲೇನ್‌ನಿಂದ ಬೇಡ' ಅನ್ನೋ ಬೋರ್ಡ್‌ಗಳು ಅಲ್ಲಿ ಇರಬಹುದು. ಬೋರ್ಡ್ ಇಲ್ಲದಿದ್ದರೆ ಬಹಳಷ್ಟು ಕಡೆ ಎರಡರಿಂದಲೂ ಆಗುತ್ತೆ. ಆದರೆ ಹೊರಗಿನ ಲೇನ್‌ನವನಿಗೆ ಬಲದ ಕಾರು ಅಡ್ಡ, ಆ ಮೂಲೆಯಿಂದ ಇಳಿಯುವ ಜನ ಕಾಣಲ್ಲ. ನಾನಂತೂ ಅಲ್ಲಿ ಹಸಿರಿಗೇ ಕಾಯುತ್ತೇನೆ. ಹಸಿರಿನಲ್ಲಿ ತಿರುಗುವಾಗಲೂ ನಿಮ್ಮ ಲೇನ್‌ಗೆ ಹೊಂದುವ ಲೇನ್‌ಗೇ ಸೇರಿ, ಅಗಲವಾಗಿ ಹಾರಬೇಡಿ.

"ಸಿಗ್ನಲ್‌ಗೆ ಮೊದಲೇ ಬಲಕ್ಕೆ ಒಂದು ದಾರಿ ಸೀಳಿಕೊಂಡು ಹೋಗುತ್ತೆ. ಅಲ್ಲೂ ನಿಲ್ಲಬೇಕಾ?"

ತ್ರಿಕೋನದ ಕಟ್ಟೆ ನಡುವೆ ಇದ್ದು, ಆ ದಾರಿಗೆ ತನ್ನದೇ 'ಯೀಲ್ಡ್' ಬೋರ್ಡ್ ಇದ್ದರೆ ಮುಖ್ಯ ದೀಪ ನಿಮಗೆ ಲೆಕ್ಕಕ್ಕಿಲ್ಲ. ನಿಧಾನಿಸಿ, ಬರುವವರಿಗೆ, ದಾಟುವವರಿಗೆ ಬಿಟ್ಟು ಹೋಗಿ. ಯಾರೂ ಇಲ್ಲದಿದ್ದರೆ ನಿಲ್ಲಬೇಕಾಗಿಲ್ಲ. ನಮ್ಮ ಫ್ರೀ ಲೆಫ್ಟ್‌ಗೆ ನಿಜವಾದ ಜೋಡಿ ಇದೇ.

"ಕೆಂಪಿನಲ್ಲಿ ಎಡಕ್ಕೂ ತಿರುಗಬಹುದಂತೆ, ನಿಜಾನಾ?"

ನಿಜ, ಆದರೆ ಎಲ್ಲೆಂದರಲ್ಲಿ ಅಲ್ಲ. ಒನ್‌ವೇ ರಸ್ತೆಯಿಂದ ಇನ್ನೊಂದು ಒನ್‌ವೇ ರಸ್ತೆಗೆ ಎಡಕ್ಕೆ ತಿರುಗುವಾಗ ಯಾವ ಲೇನನ್ನೂ ಅಡ್ಡ ದಾಟೋದಿಲ್ಲ, ಅಲ್ವಾ? ಹಾಗಾಗಿ ಹೆಚ್ಚಿನ ರಾಜ್ಯಗಳಲ್ಲಿ ನಿಂತು ತಿರುಗಲು ಬಿಡುತ್ತಾರೆ. ನ್ಯೂಜೆರ್ಸಿ, ಕನೆಕ್ಟಿಕಟ್, ನಾರ್ತ್ ಕ್ಯಾರೊಲಿನಾದಂಥ ಕೆಲವು ರಾಜ್ಯಗಳಲ್ಲಿ ಅದೂ ಇಲ್ಲ. ಇನ್ನೊಂದು ತುದಿಯಲ್ಲಿ ಮಿಶಿಗನ್, ವಾಷಿಂಗ್ಟನ್, ಆರೆಗಾನ್ ಇವೆ. ಅಲ್ಲಿ ಎರಡೂ ದಿಕ್ಕಿನ ರಸ್ತೆಯಿಂದಲೂ ಒನ್‌ವೇಗೆ ಎಡಕ್ಕೆ ತಿರುಗಬಹುದು. ಹೊಸಬರು ಇದನ್ನು ತಿಳಿದಿದ್ದರೆ ಸಾಕು, ಮಾಡಲೇಬೇಕು ಅಂತೇನಿಲ್ಲ.

"ಕೆಂಪು ದೀಪ ಮಿಣುಕ್ತಾ ಇದ್ರೆ? ಕರೆಂಟ್ ಹೋಗಿ ದೀಪಾನೇ ಇಲ್ದಿದ್ರೆ?"

ಮಿಣುಕುವ ಕೆಂಪು ಅಂದರೆ ಸ್ಟಾಪ್ ಬೋರ್ಡ್ ಇದ್ದ ಹಾಗೆ. ನಿಂತು, ಸರದಿ ನೋಡಿ, ಯಾವ ಕಡೆಗಾದರೂ ಹೋಗಿ. ದೀಪ ಪೂರ್ತಿ ಆರಿದ್ದರೆ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇದೆ ಅಂತ ತಿಳಿಯಬೇಕು. ಮೊದಲು ನಿಂತವರು ಮೊದಲು.

"ಕ್ಯಾಮೆರಾ ಇರೋ ಕಡೆ ಬಲಕ್ಕೆ ತಿರುಗಿದ್ರೆ ಫ್ಲ್ಯಾಶ್ ಆಗುತ್ತಾ?"

ಗೆರೆ ಹಿಂದೆ ಪೂರ್ತಿ ನಿಂತು ಹೋದರೆ ದಂಡದ ಮಾತಿಲ್ಲ. ಕ್ಯಾಮೆರಾ ನೋಡೋದು ಗೆರೆ ದಾಟುವಾಗ ನಿಮ್ಮ ವೇಗ ಎಷ್ಟಿತ್ತು ಅಂತ. ಉರುಳಿಕೊಂಡು ಹೋದವರ ವಿಡಿಯೊ ಸಮೇತ ಚೀಟಿ ಮನೆಗೆ ಬರುತ್ತೆ. ಎಲ್ಲ ರಾಜ್ಯದಲ್ಲೂ ಈ ಕ್ಯಾಮೆರಾ ಇಲ್ಲ. ಟೆಕ್ಸಸ್ 2019ರಲ್ಲಿ ನಿಷೇಧಿಸಿತು. ಒಮ್ಮೆ ಫ್ಲ್ಯಾಶ್ ಹೊಡೆದ ಮಾತ್ರಕ್ಕೆ ಗಾಬರಿಯಾಗಬೇಡಿ, ಅದು ಪಕ್ಕದ ಲೇನ್‌ನವನಿಗೂ ಇರಬಹುದು.

"ಗೆರೆ ದಾಟಿ ನಿಂತಿದ್ದೆ, ಎಷ್ಟು ಹೊತ್ತಾದ್ರೂ ಹಸಿರೇ ಬರಲಿಲ್ಲ. ಯಾಕೆ?"

ಗೆರೆಯ ಹಿಂದಿನ ಟಾರಿನಲ್ಲಿ ಚೌಕವಾಗಿ, ಇಲ್ಲವೇ ದುಂಡಗೆ ಗೀರಿದ ಗುರುತು ನೋಡಿದ್ದೀರಾ? ಅದರೊಳಗೆ ತಂತಿಯ ಸುರುಳಿ ಇರುತ್ತೆ. ಮೇಲೆ ಲೋಹದ ಕಾರು ನಿಂತರೆ ಅದರ ವಿದ್ಯುತ್ ಗುಣ ಬದಲಾಗಿ, ಇಲ್ಲೊಬ್ಬರು ಕಾಯುತ್ತಿದ್ದಾರೆ ಅಂತ ಸಿಗ್ನಲ್ ಪೆಟ್ಟಿಗೆಗೆ ಗೊತ್ತಾಗುತ್ತೆ. ನೀವು ಗೆರೆ ದಾಟಿ ಮುಂದೆ ಹೋದರೆ ಸುರುಳಿಯ ಮೇಲೆ ಯಾರೂ ಇಲ್ಲ, ಪೆಟ್ಟಿಗೆಯ ಲೆಕ್ಕದಲ್ಲಿ ನೀವು ಇಲ್ಲವೇ ಇಲ್ಲ. ಬಲ ತಿರುವಿನ ಲೇನ್‌ನಲ್ಲಿ ಕೆಲವೊಮ್ಮೆ ಸ್ವಲ್ಪ ತಡ ಮಾಡಿ ಸುದ್ದಿ ಮುಟ್ಟಿಸುವ ಹಾಗೆ ಇಟ್ಟಿರುತ್ತಾರೆ. ಕೆಂಪಿನಲ್ಲೇ ತಿರುಗಿ ಹೋಗುವವನಿಗಾಗಿ ಸುಮ್ನೆ ಇಡೀ ರಸ್ತೆ ನಿಲ್ಲಿಸಬಾರದಲ್ಲ.

"ನಮ್ಮ ಏರಿಯಾದಲ್ಲಿ 'ನೋ ಟರ್ನ್ ಆನ್ ರೆಡ್' ಜಾಸ್ತಿ ಆಗ್ತಾ ಇದೆ. ಯಾಕೆ?"

ಒಂದು ಕಾರಣ ಕಾಲ್ನಡಿಗೆಯವರಿಗೆ ಕೊಡುವ ಮುಂಗಡ ಸಮಯ. ಹಲವು ನಗರಗಳಲ್ಲಿ ಈಗ ವಾಹನದ ಹಸಿರಿಗಿಂತ 3ರಿಂದ 7 ಸೆಕೆಂಡ್ ಮೊದಲೇ ನಡೆಯುವ ದೀಪ ಹತ್ತುತ್ತೆ. ಜನ ಅಷ್ಟರಲ್ಲಿ ರಸ್ತೆಯ ನಡುವೆ ಬಂದು ತಿರುಗುವವರ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ. ಆ ಸೆಕೆಂಡ್‌ಗಳಲ್ಲಿ ವಾಹನಗಳಿಗೆ ಎಲ್ಲ ಕಡೆ ಕೆಂಪು. ಎಡದಿಂದ ಯಾರೂ ಬರುತ್ತಿಲ್ಲ ಅಂತ ಬಲಕ್ಕೆ ತಿರುಗುವವನಿಗೆ ಅದೇ ಸುವರ್ಣಾವಕಾಶ ಅನಿಸಿಬಿಡುತ್ತೆ. ಜನಕ್ಕೆ ಕೊಟ್ಟ ಸಮಯವನ್ನು ಕಾರು ಕದಿಯಬಾರದು ಅಂತ ಬೋರ್ಡ್ ಹಾಕುತ್ತಾರೆ. ಬೋರ್ಡ್ ಇಲ್ಲದ ಕಡೆಯೂ ಈ ಖಾಲಿ ಗಳಿಗೆಯನ್ನು ನಂಬಬೇಡಿ.

## ಹಿಂದಿನ ಕಥೆ, ಬೇರೆ ದೇಶ

"ಈ ನಿಯಮ ಯಾಕೆ ಬಂತು? ಯಾರಿಗೆ ಹೊಳೀತು?"

ಪಶ್ಚಿಮದ ರಾಜ್ಯಗಳಲ್ಲಿ, ಮುಖ್ಯವಾಗಿ ಕ್ಯಾಲಿಫೋರ್ನಿಯಾದಲ್ಲಿ, ಮೊದಲಿಂದಲೂ ಇತ್ತು. ಪೂರ್ವದವರು ಒಪ್ಪಿರಲಿಲ್ಲ. 1973ರ ತೈಲ ಬಿಕ್ಕಟ್ಟು ಬಂತು, ಪೆಟ್ರೋಲ್ ಬಂಕ್ ಮುಂದೆ ಮೈಲಿಗಟ್ಟಲೆ ಸಾಲು. ಕೆಂಪಿನಲ್ಲಿ ಸುಮ್ಮನೆ ಎಂಜಿನ್ ಉರಿಸುತ್ತಾ ನಿಲ್ಲೋದು ದಂಡ ಅನಿಸಿತು. 1975ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಇಂಧನ ಉಳಿತಾಯದ ಕಾಯ್ದೆಯಲ್ಲಿ ಒಂದು ಷರತ್ತು ಇತ್ತು: ಉಳಿತಾಯ ಯೋಜನೆಗೆ ಕೇಂದ್ರದ ಹಣ ಬೇಕಾದ ರಾಜ್ಯ ಕೆಂಪಿನಲ್ಲಿ ಬಲ ತಿರುವಿಗೆ ಬಿಡಬೇಕು. 1980 ಶುರುವಾಗುವ ಹೊತ್ತಿಗೆ ಕೊನೆಯದಾಗಿ ಮ್ಯಾಸಚೂಸೆಟ್ಸ್ ಕೂಡ ಒಪ್ಪಿತು. ಅಂದರೆ ಇದು ರಸ್ತೆ ಸುರಕ್ಷತೆಗೆಂದು ಹುಟ್ಟಿದ ನಿಯಮ ಅಲ್ಲ, ಪೆಟ್ರೋಲ್ ಉಳಿಸಲು ದೇಶದ ತುಂಬ ಹರಡಿದ್ದು. ಈಗ ಅದರ ಬಗ್ಗೆ ಮತ್ತೆ ಜಗಳ ಎದ್ದಿರೋದು ನನಗೆ ಆಶ್ಚರ್ಯ ಅನಿಸೋದಿಲ್ಲ.

"ಕೆನಡಾಕ್ಕೆ, ಯುರೋಪ್‌ಗೆ ಟ್ರಿಪ್ ಹೋಗ್ತಿದ್ದೀವಿ. ಅಲ್ಲೂ ಹೀಗೇನಾ?"

ಕೆನಡಾದಲ್ಲಿ ಹೆಚ್ಚುಕಡಿಮೆ ಹೀಗೆಯೇ. ಕ್ವಿಬೆಕ್ ಪ್ರಾಂತ್ಯ 2003ರಲ್ಲಷ್ಟೇ ಒಪ್ಪಿಕೊಂಡಿತು, ಅದರೊಳಗೂ ಮಾಂಟ್ರಿಯಲ್ ದ್ವೀಪದಲ್ಲಿ ಇಲ್ಲ. ಸೇತುವೆ ದಾಟಿದರೆ ನಿಯಮ ಬದಲು.

ಯುರೋಪ್‌ನಲ್ಲಿ ಕೆಂಪು ಅಂದರೆ ಕೆಂಪು ಅಂದುಕೊಂಡೇ ಓಡಿಸಿ. ಜರ್ಮನಿಯಲ್ಲಿ ಮಾತ್ರ ಕೆಲವು ಸಿಗ್ನಲ್‌ಗಳ ಪಕ್ಕ ಕಪ್ಪು ಹಲಗೆಯ ಮೇಲೆ ಹಸಿರು ಬಾಣ ಬರೆದಿರುತ್ತೆ. ದೀಪ ಅಲ್ಲ, ತಗಡು. ಅದಿದ್ದರೆ ಪೂರ್ತಿ ನಿಂತು ಬಲಕ್ಕೆ ತಿರುಗಬಹುದು. ಪೂರ್ವ ಜರ್ಮನಿ 1978ರಲ್ಲಿ ತಂದ ಪದ್ಧತಿ ಅದು. ಎರಡು ಜರ್ಮನಿ ಒಂದಾದ ಮೇಲೆ, 1994ರಲ್ಲಿ ಇಡೀ ದೇಶದ ನಿಯಮವಾಯಿತು. ಫ್ರಾನ್ಸ್‌ನಲ್ಲಿ ಸಣ್ಣ ತ್ರಿಕೋನದಲ್ಲಿ ಹಳದಿ ಸೈಕಲ್ ಮತ್ತು ಬಾಣ ಕಂಡರೆ ಅದು ಸೈಕಲ್‌ನವರಿಗೆ ಮಾತ್ರ, ನೀವು ಆಸೆಪಡಬೇಡಿ.

ಬ್ರಿಟನ್, ನ್ಯೂಜಿಲೆಂಡ್‌ನಲ್ಲಿ ವಾಹನ ಎಡಗಡೆ, ಕೆಂಪಿನಲ್ಲಿ ಎಡ ತಿರುವು ಇಲ್ಲ. ಆಸ್ಟ್ರೇಲಿಯಾ, ಸಿಂಗಪುರದಲ್ಲಿ ಬೋರ್ಡ್ ಇದ್ದ ಕಡೆ ಉಂಟು. ದಕ್ಷಿಣ ಕೊರಿಯಾದಲ್ಲಿ ಬಲಕ್ಕೆ ತಿರುಗಬಹುದು, ಆದರೆ 2023ರ ಜನವರಿಯಿಂದ ಮೊದಲು ಪೂರ್ತಿ ನಿಲ್ಲೋದು ಕಡ್ಡಾಯ. ಇನ್ನು ರಜೆಗೆ ಊರಿಗೆ ಹೋದಾಗ ಸ್ಟೇರಿಂಗ್ ಹಿಡಿಯುವುದಾದರೆ ಮೊದಲ ಎರಡು ದಿನ ಬೇರೆಯವರ ಪಕ್ಕದಲ್ಲಿ ಕೂತು ನೋಡಿ. ಕತ್ತು ಈಗ ಎಡಕ್ಕೆ ತಿರುಗಲು ಕಲಿತುಬಿಟ್ಟಿರುತ್ತೆ.